ಮೊದಲು ಎದುರಿನವನ ಮಾತು

ಮೇ ತಿಂಗಳು ಕೊನೆಗೆ ಬಂತೆಂದರೆ ಖಾನಾಪುರದ ಕಾಡಂಚಿನ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬೆಳಗಾವಿಯ ಪೇಟೆಗೆ ಬರುತ್ತಾರೆ. ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ತುಂಬಿ ಕೊಡುತ್ತಾರೆ. ಮೊನ್ನೆ ಗಣಪತಿ ಗಲ್ಲಿಯ ತಿರುವಿನಲ್ಲಿ ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿಯಿತು. "ತಗೋಳೂಣೇನ್ರೀ?" ಎಂದಳು ಹೆಂಡತಿ. ತೆಗೆದುಕೊಂಡೆವು. ಮನೆಗೆ ಬಂದ ಮೇಲೆ ನಾನು ಒಂದು ಹಣ್ಣನ್ನೂ ಬಾಯಿಗೆ ಹಾಕಲಿಲ್ಲ. ಅವಳಿಗೆ ಕಾರಣ ಗೊತ್ತು, ಕೇಳಲಿಲ್ಲ. ಆ ವಾಸನೆ ನನ್ನನ್ನು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಗೆ ಎಳೆದೊಯ್ಯುತ್ತದೆ. ನನ್ನ ಗೆಳೆಯ ಗುರುಪಾದಪ್ಪ ಹಲಗಿಮನಿ ಮಂತ್ರಿಪದವಿ ಬಿಟ್ಟು, ಶಾಸಕನ ಸ್ಥಾನವನ್ನೂ ಬಿಟ್ಟು, ತಂಗಿಗೆ ತನ್ನ ಮಾತು ಮುಟ್ಟಿಸಲೆಂದು ಇಡೀ ತಾಲೂಕು ತಿರುಗಿದ ಬೇಸಿಗೆ ಅದು.

ಅವನು ತೀರಿಕೊಂಡ ಮೇಲೆ ಪತ್ರಿಕೆಗಳಲ್ಲಿ ಒಂದೆರಡು ಬರಹ ಬಂದವು. ಒಬ್ಬರು ಅವನನ್ನು ಗಡಿಯ ಹುಲಿ ಎಂದರು, ಇನ್ನೊಬ್ಬರು ಅಜಾತಶತ್ರು ಎಂದರು. ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಅವನು ಹುಲಿಯಾಗಿರಲಿಲ್ಲ, ಬೆಕ್ಕು ಅಡ್ಡ ಬಂದರೆ ದಾರಿ ಬಿಡುತ್ತಿದ್ದ. ಶತ್ರುಗಳಂತೂ ಬೇಕಾದಷ್ಟಿದ್ದರು. ಅವನ ಗುಣ ಬೇರೆಯೇ ಇತ್ತು. ಅದನ್ನು ಹತ್ತಿರದಿಂದ ಕಂಡವರಲ್ಲಿ ಈಗ ಉಳಿದವನು ನಾನೊಬ್ಬನೇ ಇರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಟ್ಟಿಗೆ ಕಾನೂನು ಓದಿದವರು, ಬೆಳಗಾವಿಯ ಕೋರ್ಟಿನಲ್ಲಿ ಒಂದೇ ಬೆಂಚಿನ ಮೇಲೆ ಕಕ್ಷಿದಾರರ ದಾರಿ ಕಾಯ್ದವರು. ನನಗೆ ಬಂದ ಕಕ್ಷಿದಾರರು ನನ್ನಲ್ಲೇ ಉಳಿದರು, ಅವನಿಗೆ ಬಂದವರು ರಾಜಿಯಾಗಿ ಮನೆಗೆ ಹೋದರು. ಅವನಿಗೊಂದು ಪದ್ಧತಿಯಿತ್ತು. ಹಿಂದವಾಡಿಯ ಅವನ ಮನೆಯ ಪಡಸಾಲೆಗೆ ಯಾರೇ ಜಗಳ ಹೊತ್ತು ಬಂದರೂ ಮೊದಲು ಚಹಾ ಕುಡಿಸುತ್ತಿದ್ದ. ಆಮೇಲೆ, "ನಿಮ್ಮ ಮಾತು ಆಮ್ಯಾಲ ಕೇಳ್ತೀನ್ರಿ. ಮೊದಲ ಎದರಗಿನವರ ಮಾತು ನೀವ ಹೇಳ್ರಿ. ಅವರು ಹೌದು ಅನ್ನೂಹಂಗ ಹೇಳ್ರಿ" ಎನ್ನುತ್ತಿದ್ದ. ಎದುರಿನವನು ಅಲ್ಲೇ ಕುಳಿತಿರಬೇಕು. ತನ್ನ ಅಹವಾಲು ವೈರಿಯ ಬಾಯಲ್ಲಿ ಸರಿಯಾಗಿ ಬಂತೆಂದು ಅವನು ತಲೆಯಾಡಿಸಬೇಕು. ಆಮೇಲೆ ಅವನ ಪಾಳಿ. ಇಬ್ಬರೂ ಪಾಸಾದ ಮೇಲಷ್ಟೇ ಗುರುಪಾದ ಬಾಯಿ ಬಿಡುತ್ತಿದ್ದ. ಬಹಳ ಸಲ ಅದರ ಅಗತ್ಯವೇ ಬೀಳುತ್ತಿರಲಿಲ್ಲ.

ಒಮ್ಮೆ ಪೀರನವಾಡಿಯ ಇಬ್ಬರು ಬೀಗರು ಬಂದಿದ್ದರು. ಮಗಳನ್ನು ತವರಿಗೆ ಕಳಿಸುವುದಿಲ್ಲವೆಂದು ಒಬ್ಬ, ಕರೆಯಲು ಬಂದಾಗ ಅವಮಾನ ಮಾಡಿದರೆಂದು ಇನ್ನೊಬ್ಬ. ಹುಡುಗಿಯ ಅಪ್ಪ ಬೀಗನ ಮಾತನ್ನು ಬೀಗನ ದನಿಯಲ್ಲೇ ಆಡತೊಡಗಿದ. ಅರ್ಧಕ್ಕೆ ಬಂದಾಗ ತಾನೇ ನಿಂತು, "ಅಲ್ರೀ ಬೀಗ್ರ, ನಿಮ್ಮ ಮನ್ಯಾಗ ಅವತ್ತ ಹಿರೀರಿಗಿ ಆರಾಮಿದ್ದಿಲ್ಲೇನು? ಯಾಕ ಹೇಳಲಿಲ್ಲ ಮತ್ತ?" ಎಂದ. ಜಗಳ ಅಲ್ಲಿಗೇ ಮುಗಿಯಿತು. ನನಗೆ ಬರಬೇಕಿದ್ದ ಕೇಸು ಹೋಯಿತೆಂದು ನಾನು ಗೊಣಗಿದೆ. ಗುರುಪಾದ ಹೊಟ್ಟೆ ಹಿಡಿದುಕೊಂಡು ನಕ್ಕ. "ಚನ್ನ್ಯಾ, ಮಂದಿ ಕೆಟ್ಟವರಿರೂದಿಲ್ಲೋ. ತಿಳೀದ ಜಗಳಾಡ್ತಾರ. ತಿಳಿದ್ರ ಸಿಟ್ಟು ತಾನ ಇಳೀತೈತಿ." ಇದು ಅವನ ವೇದವಾಕ್ಯ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾವೆಲ್ಲ ಅನ್ನುತ್ತೇವೆ. ಅವನು ಅದನ್ನು ನಂಬಿಯೂ ಇದ್ದ.

ಈ ಪದ್ಧತಿಯೇ ಅವನನ್ನು ಖಾನಾಪುರದಿಂದ ಆರಿಸಿ ಕಳಿಸಿತು. ಕನ್ನಡ ಮರಾಠಿ ಎರಡೂ ಒಂದೇ ಅಂಗಳದಲ್ಲಿ ಆಡುವ ತಾಲೂಕು ಅದು. ಒಂದು ಬೋರ್ಡಿನ ಸಲುವಾಗಿ ಅಂಗಡಿಗಳ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ, ಕನ್ನಡದವನ ಬಾಯಿಂದ ಮರಾಠಿಯವನ ಸಂಕಟ ಹೇಳಿಸಬಲ್ಲವನು ಸಿಕ್ಕಾಗ ಜನ ಕೈಬಿಡಲಿಲ್ಲ. ಎರಡನೆಯ ಸಲ ಆರಿಸಿಬಂದಾಗ ಮಂತ್ರಿಯೂ ಆದ, ರಸ್ತೆ ಸೇತುವೆಗಳ ಖಾತೆ ಸಿಕ್ಕಿತು. ಸಿಕ್ಕದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕಾಡಿನ ಕಡೆಯ ಒಂದು ಹಳ್ಳಕ್ಕೆ ಸೇತುವೆ ಕಟ್ಟುವುದಿತ್ತು. ಕೊಡುವುದು ಒಂದೇ, ಕೇಳುವವರು ಇಬ್ಬರು. ಮೇಲ್ಗಡೆ ನಾಲ್ಕು ವಾಡಿಗಳು, ಎಲ್ಲ ಮರಾಠಿ ಮಾತಿನ ಜನ. ಕೆಳಗಡೆ ಹುಣಸಿಕೊಪ್ಪ, ಕನ್ನಡದ ಊರು. ಗುರುಪಾದನ ಒಬ್ಬಳೇ ತಂಗಿ ನೀಲವ್ವನನ್ನು ಕೊಟ್ಟದ್ದು ಆ ಹುಣಸಿಕೊಪ್ಪಕ್ಕೇ. ತಾಯಿ ಬೇಗ ಹೋದದ್ದರಿಂದ ಅವನೇ ತಲೆ ಬಾಚಿ, ಸಾಲಿಗೆ ಕಳಿಸಿ ಬೆಳೆಸಿದ ತಂಗಿ. ಅವಳ ಗಂಡ ಈರಪ್ಪ ಊರಿನ ಹಿರಿಯರಲ್ಲಿ ಒಬ್ಬ. ತೂಕದ ಮನುಷ್ಯ, ನಗುವುದು ಕಡಿಮೆ; ಆದರೆ ಅವನ ಮಾತಿಗೆ ಊರು ಎದುರಾಡುತ್ತಿರಲಿಲ್ಲ.

ಖಾನಾಪುರದ ಪ್ರವಾಸಿ ಮಂದಿರದಲ್ಲಿ ಎರಡೂ ಕಡೆಯವರನ್ನು ಕೂಡಿಸಿದರು. ಅವತ್ತು ನಾನೂ ಇದ್ದೆ. ಎಂಜಿನಿಯರರು ನಕ್ಷೆ ಬಿಚ್ಚಿದರೆ ಮಂತ್ರಿಗಳು ಅದನ್ನು ಬದಿಗೆ ಸರಿಸಿ ತಮ್ಮ ಹಳೆಯ ಪದ್ಧತಿ ಶುರುಮಾಡಿದರು. ವಾಡಿಗಳ ಪರವಾಗಿ ಬಂದಿದ್ದ ವಿಠೋಬಾ ಪಾಟೀಲ ಹುಣಸಿಕೊಪ್ಪದ ಅಹವಾಲು ಹೇಳಬೇಕಾಯಿತು. ಅವನು ಪಂಚಾಯ್ತಿಯಲ್ಲಿ ಪಳಗಿದವನು. "ಅವರಿಗೂ ತ್ರಾಸ ಐತ್ರಿ ಸಾಹೇಬ್ರ. ಸಂತಿಗಿ ಹೋಗಾಕ, ಸಾಲಿಗಿ ಹೋಗಾಕ ಪೂಲ ಬೇಕ. ಇಷ್ಟ" ಎಂದು ಕುಳಿತುಬಿಟ್ಟ. ಸುಳ್ಳೇನೂ ಹೇಳಲಿಲ್ಲ. ಹುಣಸಿಕೊಪ್ಪದವರು ಅರೆಮನಸ್ಸಿನಿಂದ ಹೌದೆಂದರು.

ಆಮೇಲೆ ಈರಪ್ಪ ಎದ್ದ. ಪೇಟೆಯ ವ್ಯವಹಾರದಿಂದ ಕಲಿತ ಮರಾಠಿಯಲ್ಲಿ, "ಪಾವಸಾಳ್ಯಾತ ಆಮ್ಹಾಲಾ ವಾಟ ನಾಹೀ" ಎಂದು ಶುರುಮಾಡಿದ, ಮಳೆಗಾಲದಲ್ಲಿ ನಮಗೆ ದಾರಿಯೇ ಇಲ್ಲ ಎಂದು. ಮೊದಲು ಅವನ ಕಡೆಯವರು ನಕ್ಕರು. ಅವನು ನಗಲಿಲ್ಲ. ಬಸುರಿ ಹೆಂಗಸರನ್ನು ಕಂಬಳಿಯ ಜೋಲಿಯಲ್ಲಿ ಕಟ್ಟಿ ಹಳ್ಳದ ದಂಡೆಗೆ ತರುವುದು, ನೀರು ಇಳಿಯುವವರೆಗೆ ದಂಡೆಯಲ್ಲೇ ಕಾಯುವುದು, ಕಾಯುತ್ತಿರುವಾಗಲೇ ಒಬ್ಬಳು ಸತ್ತದ್ದು, ಅವಳ ಹೆಸರು, ಅವಳ ಗಂಡನ ಹೆಸರು ಎಲ್ಲ ಹೇಳಿದ. "ಹುಣಸಿಕೊಪ್ಪದವರಿಗೆ ಸುತ್ತು ದಾರಿಯಾದರೂ ಇದೆ, ನಮಗೆ ಅದೂ ಇಲ್ಲ" ಎಂದು ಮುಗಿಸಿದ. ವಾಡಿಯ ಮುದುಕಿಯೊಬ್ಬಳು ಸೆರಗು ಬಾಯಿಗೊತ್ತಿಕೊಂಡಳು. ಪಾಟೀಲ ತಲೆ ಎತ್ತಲಿಲ್ಲ. ಗುರುಪಾದ, ಸೇತುವೆ ಮೇಲ್ಗಡೆಯ ವಾಡಿಗಳಿಗೆ ಎಂದ. ಹುಣಸಿಕೊಪ್ಪದವರು ಈರಪ್ಪನ ಮುಖವನ್ನೂ ನೋಡದೆ ಎದ್ದುಹೋದರು.

ಕಾರಿನಲ್ಲಿ ಬರುವಾಗ ನಾನು, "ಲೇ, ಆ ಪಾಟೀಲ ಹಾರಿಸಿ ಹೇಳಿದಾ. ಈರಪ್ಪ ಮನಸಿಟ್ಟ ಹೇಳಿದಾ. ಮನಸಿಟ್ಟಾಂವ ಸೋತ್ನಲ್ಲೋ" ಎಂದೆ. ಗುರುಪಾದ, "ಹಂಗಲ್ಲ. ಈರಪ್ಪಗ ಖರೇ ಏನು ಅನ್ನೂದು ಗೊತ್ತಿತ್ತು, ಅದನ್ನ ಹೇಳಿದಾ" ಎಂದ. ಅವನ ಮಾತೂ ಸುಳ್ಳಲ್ಲ. ಆದರೆ ಪಾಟೀಲನೂ ಅಷ್ಟೇ ಮನಸ್ಸಿಟ್ಟು ಹೇಳಿದ್ದರೆ ಏನಾಗುತ್ತಿತ್ತು?

ಮರುವರ್ಷ ಸೇತುವೆ ಆಯಿತು. ಅದರ ಮುಂದಿನ ಮಳೆಗಾಲದಲ್ಲಿ ಈರಪ್ಪನಿಗೆ ಹೊಟ್ಟೆನೋವು ಬಂತು. ಮೊದಲ ದಿನ ಮನೆಮದ್ದು, ಎರಡನೆಯ ದಿನ ಚೀರಾಟ. ಊರ ಮುಂದಿನ ಹಳ್ಳ ಸೊಕ್ಕಿ ಹರಿಯುತ್ತಿತ್ತು. ಅವನನ್ನು ಚಕ್ಕಡಿಯಲ್ಲಿ ಮಲಗಿಸಿ, ಕೆಸರಿನಲ್ಲಿ ಎತ್ತುಗಳನ್ನು ಬಡಿಯುತ್ತ, ಹಳೆಯ ಸುತ್ತು ದಾರಿಗಿಂತ ಹತ್ತಿರವೆಂದು ಮೇಲಿನ ಸೇತುವೆಯ ಕಡೆಗೆ ಸುತ್ತು ಹಾಕಿ ಹೊರಟರು. ಸೇತುವೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಸುದ್ದಿ ಕೇಳಿ ಗುರುಪಾದ ಬೆಂಗಳೂರಿನಿಂದ ಓಡಿಬಂದ. ಮಂತ್ರಿಗಳು ಬಂದರೆಂದು ಪೊಲೀಸರು, ಅಧಿಕಾರಿಗಳು, ಪುಢಾರಿಗಳು ಎಲ್ಲ ಹಿಂದೆ ಬಂದರು. ಮಣ್ಣು ಕೊಟ್ಟು ಬಂದ ಮೇಲೆ ಹುಣಸಿಕೊಪ್ಪದ ಕೆಲವರು ಅಂಗಳದಲ್ಲೇ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವನಿಗೆ ಕೇಳುವಂತೆ ಅಂದರು. ಅವನ ಮನಸ್ಸು ಅವತ್ತು ನೆಟ್ಟಗಿರಲಿಲ್ಲ. ತಂಗಿ ಬಾಗಿಲಲ್ಲಿ ಕುಳಿತಿದ್ದಾಳೆ ಎಂಬುದನ್ನೂ ನೋಡದೆ, "ನ್ಯಾಯ ಆಗಿತ್ರಿ. ಈರಪ್ಪನ ಬಾಯಿಂದನ ಆಗಿತ್ತು" ಎಂದುಬಿಟ್ಟ. ನೀಲವ್ವ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಎಷ್ಟು ಸಲ ಹೋದರೂ ಆ ಬಾಗಿಲು ತೆರೆಯಲಿಲ್ಲ. ಹೇಳಿಕಳಿಸಿದರೆ, "ಮಂತ್ರಿಗೋಳ ಕೂಡ ನಮ್ಮದೇನ ಕೆಲಸಿಲ್ಲ" ಎಂಬ ಒಂದೇ ಉತ್ತರ.

ಆ ಬೇಸಿಗೆಗೆ ಮೊದಲಿನ ಚಳಿಗಾಲದಲ್ಲಿ ಅವನು ರಾಜೀನಾಮೆ ಕೊಟ್ಟ. ಅವನ ಕೈಕೆಳಗೇ ಬೆಳೆದ ಒಬ್ಬ ತರುಣ ವಕೀಲ ಊರೂರು ಅಲೆದು ಸೇತುವೆಯ ಕತೆ ಹೇಳುತ್ತಿದ್ದ. ಅದಕ್ಕೆ ಉತ್ತರವಾಗಿ ಮಂತ್ರಿಪದವಿ ಬಿಟ್ಟರೆ ಸಾಕಿತ್ತು. ಇವನು ಶಾಸಕನ ಸ್ಥಾನವನ್ನೂ ಬಿಟ್ಟು, ಮತ್ತೆ ಜನರ ಹತ್ತಿರವೇ ಹೋಗುತ್ತೇನೆ ಎಂದ. ನಮಗೆಲ್ಲ ಹುಚ್ಚಾಟ ಎನಿಸಿತು. ಒಂದು ದಿನ ಹಿಂದವಾಡಿಯ ಪಡಸಾಲೆಯಲ್ಲಿ ನನಗೊಬ್ಬನಿಗೇ ಹೇಳಿದ: "ಮನಿ ಬಾಗಲಾ ಹಾಕ್ಯಾಳ, ಖರೇ. ಬಯಲಾಗ ನಿಂತ ಹೇಳಿದ್ರ ಕೇಳಬಹುದಲ್ಲೋ?"

ಹಾಗಾಗಿ ಉಪಚುನಾವಣೆ ಬಂತು, ಕವಳಿಹಣ್ಣಿನ ಕಾಲದಲ್ಲಿ. ಎದುರಿಗೆ ಆ ತರುಣ ವಕೀಲನೇ ನಿಂತ. ಖಾನಾಪುರದ ಬಿಸಿಲು ಆ ವರ್ಷ ಹಂಚಿನ ಭಟ್ಟಿಯ ಬಾಗಿಲು ತೆರೆದಂತಿತ್ತು. ನಾನು ಕೋರ್ಟಿಗೆ ರಜೆ ಹಾಕಿ ಅವನ ಜೀಪಿನಲ್ಲಿ ತಿರುಗಿದೆ. ಹಳ್ಳಿಯ ಹೆಂಗಸರು ದೊನ್ನೆಯಲ್ಲಿ ಹಣ್ಣು ಕೊಟ್ಟರೆ ತಿಂದು, ಅಂಟಿನ ಬೆರಳುಗಳನ್ನೇ ಜೋಡಿಸಿ ನಮಸ್ಕಾರ ಮಾಡುತ್ತಿದ್ದ. ಜೀಪಿನ ತುಂಬ ಅದೇ ವಾಸನೆ. ಯಾವ ಊರಿನಲ್ಲಿಯೂ ಅವನು ಸೇತುವೆಯ ಮಾತು ಎತ್ತಲಿಲ್ಲ. ಅದನ್ನು ಕೊನೆಯ ದಿನದ ಸಭೆಗೆ, ಖಾನಾಪುರದ ಸಂತೆ ಬಯಲಿಗೆ ಇಟ್ಟುಕೊಂಡಿದ್ದ. ನೀಲವ್ವನಿಗೆ ಅವಳ ಓಣಿಯ ಹೆಣ್ಣುಮಕ್ಕಳ ಕಡೆಯಿಂದ ಹೇಳಿಕಳಿಸಿದ್ದ. ಮಾತಾಡುವುದು ಬೇಡ, ದೂರ ನಿಂತು ಕೇಳಿ ಹೋದರೆ ಸಾಕು ಎಂದು.

ಆ ಭಾಷಣವನ್ನು ನನ್ನ ಮುಂದೆ ಒಮ್ಮೆ ಆಡಿ ತೋರಿಸಿದ. ಅದಕ್ಕೆ ಎರಡು ಭಾಗ. ಮೊದಲು ಎದುರಾಳಿಯ ಆರೋಪ, ಒಂದು ಕೂದಲೂ ಕಡಿಮೆ ಮಾಡದೆ. ಆಮೇಲೆ ತನ್ನ ಮಾತು. ಎರಡನೆಯ ಭಾಗದಲ್ಲಿ ಹೀಗಿತ್ತು: ಈರಪ್ಪ ಸೋಲಲಿಲ್ಲ, ಈರಪ್ಪ ಕೊಟ್ಟ, ಆ ಸೇತುವೆ ನಾನು ಕೊಟ್ಟದ್ದಲ್ಲ, ಹುಣಸಿಕೊಪ್ಪ ಕೊಟ್ಟದ್ದು. ಕೊನೆಗೆ, "ನನ್ನ ತಂಗಿ ಗಂಡನ್ನ ಕಳಕೊಂಡ ಕುಂತಾಗ ನಾ ಅಕಿ ಮುಂದ ನ್ಯಾಯ ಮಾತಾಡಿದೆ. ಅದು ತಪ್ಪು. ನೀಲವ್ವಾ, ಹೊಟ್ಯಾಗ ಹಾಕ್ಕೊಳವ್ವಾ" ಎಂದು ಎಲ್ಲರೆದುರು ಕೈಮುಗಿಯುವುದು. ಅವನು ಅದನ್ನು ಆಡುವಾಗ ನನಗೆ ಕಣ್ಣು ತುಂಬಿತು. ಆದರೂ ವಕೀಲನ ಬುದ್ಧಿ, "ಹಿಂದಮುಂದ ಮಾಡು. ಮೊದಲ ನಿನ್ನ ಮಾತು ಹೇಳಿಬಿಡು" ಎಂದೆ. ತಾನು ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದನ್ನು ತನ್ನ ಪಾಳಿ ಬಂದಾಗ ಮುರಿದರೆ ಹೇಗೆ ಎಂದು ಅವನು ಒಪ್ಪಲಿಲ್ಲ.

ಸಭೆಗೆ ಜನ ಕಿಕ್ಕಿರಿದಿದ್ದರು. ವಾಡಿಯವರು ಒಂದು ಕಡೆ, ಹುಣಸಿಕೊಪ್ಪದವರು ಇನ್ನೊಂದು ಕಡೆ. ಹೆಂಗಸರ ಗುಂಪಿನ ಹಿಂದೆ, ಕಿರಾಣಿ ಅಂಗಡಿಯ ಕಟ್ಟೆಯ ಹತ್ತಿರ ನೀಲವ್ವ ನಿಂತಿದ್ದಳು. ಅವಳನ್ನು ಕಂಡು ಗುರುಪಾದನ ಮುಖ ಅರಳಿದ್ದನ್ನು ನಾನು ವೇದಿಕೆಯ ಮೇಲಿನಿಂದಲೇ ನೋಡಿದೆ. ಅವನು ಶುರುಮಾಡಿದ. "ನನ್ನ ಎದರಗಿನವರು ಏನಂತಾರ, ಅದನ್ನ ಅವರಕಿಂತ ಛಲೋತ್ನಂಗ ನಾ ಹೇಳ್ತೀನಿ ಕೇಳ್ರಿ. ಈ ಗುರುಪಾದಗ ರೊಕ್ಕದ ಹಸಿವಿಲ್ಲ. ಇಂವಗ ಹೆಸರಿನ ಹಸಿವು. ನ್ಯಾಯವಂತ ಅನಿಸ್ಕೋಬೇಕಾಗಿತ್ತು, ಅದಕ್ಕ ತಂಗಿ ಊರಿನ ಪೂಲ ಕೊಟ್ಟಾ. ಛಲೋ ಮನಿಷ್ಯಾಗ ವೈರಿ ಮಾತು ಆಡು ಅಂದಾ. ಅಂವ ಮನಸಿಟ್ಟ ಆಡಿದಾ. ತನ್ನ ಸಾವು ತಾನ ಬೇಡಿದಂಗಾತು. ಇಂವಾ ಕುಂತ ಕೇಳಿದಾ, ಕೇಳಿ ಗೋಣ ಹಾಕಿದಾ!"

ಆ ತರುಣ ವಕೀಲನಿಗೆ ಅಷ್ಟು ಹರಿತವಾಗಿ ಹೇಳಲು ಎಂದೂ ಬಂದಿರಲಿಲ್ಲ. ಗುರುಪಾದ ಒಂದು ಗುಟುಕು ನೀರು ಕುಡಿದ. "ಇದು ಅವರ ಮಾತಾತು. ಇನ್ನ ನನ್ನ ಮಾತು..." ಎಂದ.

ಪಶ್ಚಿಮಕ್ಕೆ ಆಗಲೇ ಮೋಡ ಕಟ್ಟಿತ್ತು, ಯಾರ ಲಕ್ಷ್ಯವೂ ಅತ್ತ ಇರಲಿಲ್ಲ. ಗಾಳಿ ಎದ್ದಿತು. ಪೆಂಡಾಲಿನ ಬಟ್ಟೆ ಹರಿದು ಕಂಬಗಳ ಮೇಲೆ ಬಡಿಯತೊಡಗಿತು. ಕರೆಂಟು ಹೋಗಿ ಮೈಕು ಸತ್ತಿತು. ಆನೆಕಲ್ಲಿನ ಮಳೆ ಸುರಿದಾಗ ಮಂದಿ ತಲೆಯ ಮೇಲೆ ಬುಟ್ಟಿ, ಚೀಲ, ಸೆರಗು ಹಾಕಿಕೊಂಡು ದಿಕ್ಕಾಪಾಲಾದರು. ಅವನು ವೇದಿಕೆಯ ಮೇಲೆ ನಿಂತು ಬರಿಗಂಟಲಲ್ಲಿ ಕೂಗುತ್ತಲೇ ಇದ್ದ. "ನಿಂದರ್ರೀ, ಅರ್ಧಾ ಆಗೇತಿ! ಇನ್ನ ಅರ್ಧಾ ಐತಿ, ನಿಂದರ್ರೀ!" ಪಕ್ಕದಲ್ಲಿ ನಿಂತ ನನಗೇ ಸರಿಯಾಗಿ ಕೇಳಿಸಲಿಲ್ಲ. ಕಿರಾಣಿ ಅಂಗಡಿಯ ಕಟ್ಟೆಯ ಕಡೆ ನೋಡಿದೆ, ನೀಲವ್ವ ಇರಲಿಲ್ಲ.

ಪ್ರಚಾರದ ಅವಧಿ ಅಂದಿಗೆ ಮುಗಿಯಿತು. ಮರುದಿನವೇ ಊರೂರಲ್ಲಿ ಒಂದೇ ಮಾತು: "ಮಂತ್ರಿ ತಾನ ಒಪ್ಕೊಂಡಾನಂತಲ್ಲೋ!" ನಾನು ಕೈಕೈ ಹಿಸುಕಿಕೊಂಡೆ. ಸಭೆ ಮಾಡುವಂತಿಲ್ಲ, ಮನೆಮನೆಗೆ ಹೋಗಿ ಉಳಿದರ್ಧ ನಾನೇ ಹೇಳಿಬರುತ್ತೇನೆ ಎಂದೆ. ಗುರುಪಾದ ಪಡಸಾಲೆಯಲ್ಲಿ ಟಾವೆಲ್ ಹೊದ್ದು ಕುಳಿತಿದ್ದ, ನೆನೆದು ಜ್ವರ ಬಂದಿತ್ತು.

"ಬ್ಯಾಡೋ ಚನ್ನ್ಯಾ. ಅದು ನಾ ಆಡೂ ಮಾತು," ಎಂದ. ಟಾವೆಲ್ ಬಿಗಿಯಾಗಿ ಎಳೆದುಕೊಂಡು, "ನಿನ್ನಿ ಅವನ ಮಾತು ಆಡಾಕತ್ತಾಗ ನನಗ ಒಂದ ಗಳಿಗಿ ಖರೇ ಅನಿಸ್ತು. ಹೆಸರಿನ ಹಸಿವು ಇತ್ತೇನೋ ಅಂತ" ಎಂದ.

"ಯಾರಿಗಿಲ್ಲೋ ಅದು?" ಎಂದೆ.

ಸೋತ. ವಾಡಿಗಳವರು ಕೂಡ ಪೂರ್ತಿ ಅವನ ಕೈಹಿಡಿಯಲಿಲ್ಲ. ಜ್ವರ ಇಳಿದ ಮೇಲೆ, "ಹುಣಸಿಕೊಪ್ಪಕ್ಕ ಹೋಗೂಣು ನಡಿ. ಈಗ ನಾ ಮಂತ್ರೀನೂ ಅಲ್ಲ, ಏನೂ ಅಲ್ಲ" ಎಂದ. ನನ್ನ ಹಳೆಯ ಸ್ಕೂಟರಿನ ಹಿಂದೆ ಕುಳಿತು ಬಂದ. ಹಳ್ಳಕ್ಕೆ ಇನ್ನೂ ನೀರು ಬಂದಿರಲಿಲ್ಲ, ಸ್ಕೂಟರು ತಳ್ಳಿಕೊಂಡೇ ದಾಟಿದೆವು.

ಬಾಗಿಲು ತೆರೆದೇ ಇತ್ತು. ನೀಲವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. "ಬರ್ರಿ ವಕೀಲ್ರ, ಕುಂದರ್ರಿ" ಎಂದು ನನಗೆ ಹೇಳಿ ಕಂಬಳಿ ಹಾಸಿದಳು. ಅಣ್ಣನಿಗೆ ಏನೂ ಹೇಳಲಿಲ್ಲ. ಅವನೂ ಕುಳಿತ. ನೀರು ಕೊಟ್ಟಳು, ಕುಡಿದ. ಈಗಲಾದರೂ ಒಂದು ಮಾತು ಆಡು ಎಂದು ನಾನು ಮನಸ್ಸಿನಲ್ಲೇ ಅವನನ್ನು ತಿವಿಯುತ್ತಿದ್ದೆ, ತಪ್ಪಾಯಿತು ಎಂಬ ಆ ಒಂದು ಮಾತು. ಅವನು ಗಂಟಲು ಸರಿಮಾಡಿಕೊಂಡು, "ನೀಲವ್ವಾ, ನಿನ್ನ ಮಾತು ಏನಂದ್ರ..." ಎಂದು ಶುರುಮಾಡಿದ. ಜೀವಮಾನದ ರೂಢಿ, ಬಾಯಿ ಅದನ್ನೇ ಆಡಿತು.

"ತಡಿ ಅಣ್ಣಾ," ಎಂದಳು ನೀಲವ್ವ. ಸಿಟ್ಟಿನ ದನಿಯಾಗಿರಲಿಲ್ಲ. "ನನ್ನ ಮಾತು ಬ್ಯಾಡ. ನಿನ್ನ ಮಾತು ನಾ ಹೇಳ್ತೀನಿ, ಬರೋಬರಿ ಐತೇನು ನೋಡು. ವಾಡಿ ಹೆಣಮಕ್ಕಳಿಗಿ ದಾರೀನ ಇದ್ದಿಲ್ಲ. ನಮಗ ಸುತ್ತಿನ ದಾರಿ ಇತ್ತು. ನಮ್ಮನ್ಯಾವ್ರು ಖರೇ ಇದ್ದದ್ದನ್ನ ಹೇಳಿದ್ರು. ನೀ ತಂಗಿ ಅಂತ ಈ ಕಡೆ ಕೊಟ್ಟಿದ್ರ ಅವರ ನಿನ್ನ ಮಾರಿ ನೋಡತಿದ್ದಿಲ್ಲ. ಅವರು ಹ್ವಾದ ದಿನಾ ನಿನ್ನ ಬುದ್ಧಿ ನೆಟ್ಟಗ ಇದ್ದಿಲ್ಲ, ಬಾಯಿಗಿ ಬಂದದ್ದ ಅಂದಿ, ಅಂದಿದ್ದಕ್ಕ ಇವತ್ತಿಗೂ ಸುಡಾಕತ್ತೀದಿ. ಇಷ್ಟ ಹೌದಲ್ಲ?"

ಸಂತೆ ಬಯಲಲ್ಲಿ ಮಳೆ ನುಂಗಿದ ಆ ಅರ್ಧ ಭಾಷಣ ಪೂರ್ತಿಯಾಗಿ ಅವಳ ಬಾಯಲ್ಲಿತ್ತು. ಗುರುಪಾದ ತಲೆಯಾಡಿಸಿದ. ಅವನ ಕಣ್ಣಿನಿಂದ ನೀರು ಹರಿಯುತ್ತಿತ್ತು. ಮುಖದಲ್ಲಿ ಮಾತ್ರ ಒಂದು ಆಸೆ ಕಂಡಿತು. ಎಷ್ಟೋ ಜಗಳಗಳು ಇದೇ ಘಟ್ಟಕ್ಕೆ ಬಂದು ಕರಗಿದ್ದನ್ನು ಕಂಡವನಲ್ಲವೇ!

"ಎಲ್ಲಾ ತಿಳದೈತಿ ಅಣ್ಣಾ. ಇವತ್ತ ತಿಳದದ್ದಲ್ಲ, ಅವತ್ತ ತಿಳದಿತ್ತು," ಎಂದಳು ಅವಳು. "ಆದ್ರ ನಿನ್ನ ಮಾರಿ ನೋಡಿದ್ರ ಆ ಚಕ್ಕಡಿ ಕಣ್ಣ ಮುಂದ ಬರತೈತಿ. ತಿಳಕೊಂಡ್ರ ಸಿಟ್ಟು ಇಳೀತೈತಿ ಅಂತ ನಿನಗ ಯಾರ ಹೇಳ್ಯಾರ?"

ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು. ನಾವು ಎದ್ದುಬಂದೆವು. ಹಳ್ಳ ದಾಟುವಾಗ ಸ್ಕೂಟರನ್ನು ಅವನೇ ತಳ್ಳಿದ.

ಅವನು ಅದಾದ ಮೇಲೂ ಬಹಳ ವರ್ಷ ಬದುಕಿದ. ನೀಲವ್ವ ಹಬ್ಬಕ್ಕೆ ಯಾರ ಕೈಯಲ್ಲಾದರೂ ಹೋಳಿಗೆ ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ದಿನ ನಾನು ಹಿಂದವಾಡಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಖಾನಾಪುರ ಕಡೆಯ ಅಣ್ಣತಮ್ಮಂದಿರಿಬ್ಬರು ಬಂದರು. ನಡುವಿನ ಗೋಡೆಯ ಜಗಳ. ಗುರುಪಾದಪ್ಪನವರ ಪದ್ಧತಿಯ ಸುದ್ದಿ ಅಪ್ಪನಿಂದ ಕೇಳಿದ್ದರು. ಅದಕ್ಕೆ ಅಣ್ಣ ಎನ್ನುವವನು ಬಂದವನೇ, "ಮೊದಲ ನಮ್ಮ ತಮ್ಮನ ಮಾತು ಹೇಳ್ತೀನ್ರಿ" ಎಂದು ಕೈಕಟ್ಟಿ ನಿಂತ.

ಗುರುಪಾದ ಕೈ ಎತ್ತಿ ತಡೆದ. "ಬ್ಯಾಡ್ರೆಪಾ. ನೀವು ಕೋರ್ಟಿಗಿ ಹೋಗ್ರಿ. ವಕೀಲ್ರು ಇಲ್ಲೇ ಕುಂತಾರ ನೋಡ್ರಿ" ಎಂದು ನನ್ನ ಕಡೆ ತೋರಿಸಿ ಒಳಗೆ ನಡೆದ.

ಆ ಕೇಸು ನಾನೇ ನಡೆಸಿದೆ, ಅಣ್ಣನ ಪರವಾಗಿ. ಗೆದ್ದೆ. ಆ ಅಣ್ಣತಮ್ಮಂದಿರು ಇವತ್ತಿಗೂ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ.